ಕುಲಾವಿ ನಡೆದು ಬಂದ ದಾರಿ

ಕಾರಹುಣ್ಣಿಮೆ ಹತ್ತಿರ ಬಂತೆಂದರೆ ಜೇವರ್ಗಿಯ ಪೇಟೆಯಲ್ಲಿ ಎತ್ತಿನ ತಲೆಗೆ ಬೇಕಾದ ಸಾಮಾನು ತೂಗಾಡತೊಡಗುತ್ತದೆ. ಉಣ್ಣೆಯ ಗೊಂಡೆ, ಹಣೆಪಟ್ಟಿ, ಹಿತ್ತಾಳೆಯ ಕೋಡಣಸು, ಮಿಂಚುವ ಕಾಗದದ ಬಾಸಿಂಗ. ಕೊಳ್ಳಲು ಬಂದ ಹರೆಯದವರ ತಲೆ ಬಹುಪಾಲು ಬರಿದು. ರುಮಾಲು, ಗಾಂಧಿ ಟೊಪಗಿ ಉಳಿದಿರುವುದು ಹಿರಿಯರ ತಲೆಯ ಮೇಲೆ. ಆದರೂ ಎತ್ತಿಗೆ ಮಾತ್ರ ಬಣ್ಣ ಆರಿಸಿ, ಬೆಲೆ ಚೌಕಾಸಿ ಮಾಡಿ, ಎರಡು ಎತ್ತಿಗೂ ಜೋಡಿಯಾಗಿ ಕಾಣುವಂಥದ್ದನ್ನೇ ಒಯ್ಯುತ್ತಾರೆ. ನಮ್ಮ ಕಡೆಯ ಟೊಪ್ಪಿಗೆಯ ಚರಿತ್ರೆ ಬರೆಯುವವರು ಅರಮನೆಯಿಂದ ಹೊರಟರೂ ಕೊನೆಗೆ ಕೊಟ್ಟಿಗೆಗೆ, ತೊಟ್ಟಿಲಿಗೆ, ಮೊಹರಂನ ಅಲಾಯಿ ಕುಣಿಯ ಬಳಿಗೆ ಬಂದೇ ಬರಬೇಕು. ಅಂದವೆಲ್ಲ ಅಲ್ಲಿಗೆ ಬಂದು ಸೇರಿದೆ.

ತೀರ ಹಳೆಯ ಸಾಕ್ಷಿ ಭೀಮೆಯ ದಂಡೆಯಲ್ಲೇ ಇದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹತ್ತಿಕೊಂಡ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಿಂದ ಹೊರಬಂದ ಬೌದ್ಧಸ್ತೂಪದ ಸುಣ್ಣಕಲ್ಲಿನ ಫಲಕಗಳಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪವೂ ಇದೆ. ಇತಿಹಾಸಕಾರರ ಕಣ್ಣು ಆ ಹೆಸರಿನ ಮೇಲೆ ಬಿತ್ತು, ಅದು ಸಹಜ. ಆದರೆ ಶಾತವಾಹನರ ಕಾಲದ ಶಿಲ್ಪಿಗಳು ಗಂಡಸರ ಮುಂಡಾಸನ್ನು ಎಷ್ಟು ಪ್ರೀತಿಯಿಂದ ಕಡೆದಿದ್ದಾರೆ ಎಂಬುದನ್ನೂ ನೋಡಬೇಕು. ಬಟ್ಟೆಯ ಸುರುಳಿ, ಹಣೆಯ ಮೇಲೆ ಉಬ್ಬಿ ನಿಂತ ಗಂಟು, ಎಲ್ಲವೂ ಕಲ್ಲಿನಲ್ಲಿ ಕಾಣುತ್ತವೆ. ಅದು ಇನ್ನೂ ಸುತ್ತುವ ಬಟ್ಟೆಯ ಕಾಲ. ಹೊಲಿದ ಟೊಪ್ಪಿಗೆಯ ಕಾಲ ಬರುವುದು ಮುಂದೆ.

1347ರಲ್ಲಿ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಆ ದರ್ಬಾರಿನ ಭಾಷೆ ಪಾರಸಿ, ಉಡುಗೆಯಲ್ಲೂ ಪಾರಸಿಕರ ನೆರಳು. ಪಾರಸಿಯಲ್ಲಿ ಟೊಪ್ಪಿಗೆಗೆ ‘ಕುಲಾಹ್’ ಎನ್ನುತ್ತಾರೆ. ಆ ಮಾತು ತುಂಗಭದ್ರೆಯನ್ನು ದಾಟಿ ವಿಜಯನಗರದಲ್ಲಿ ‘ಕುಲ್ಲಾಯಿ’ ಆಯಿತು. ಒಬ್ಬರ ಮೇಲೊಬ್ಬರು ಏರಿಹೋಗುತ್ತಿದ್ದ ಎರಡು ರಾಜ್ಯಗಳು ಒಂದೇ ಬಗೆಯ ಟೊಪ್ಪಿಗೆಯನ್ನು ಮೆಚ್ಚಿಕೊಂಡಿದ್ದವು ಎಂಬುದು ನನಗೆ ಆ ಕಾಲದ ಯುದ್ಧಗಳ ಕಥೆಗಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಈ ಎತ್ತರದ ಟೊಪ್ಪಿಗೆಗಳನ್ನೂ ಅವುಗಳ ಮೇಲೆ ದೊಡ್ಡ ಮುತ್ತುಗಳಿಂದ ಮಾಡಿದ ಹೂಗಳನ್ನೂ ಕಂಡು, ಅವುಗಳ ಹೆಸರನ್ನೂ ತನ್ನ ಕಿವಿಗೆ ಕೇಳಿಸಿದಂತೆ ಬರೆದುಕೊಂಡಿದ್ದಾನೆ. ತಿರುಮಲೆಯಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ರಾಯನ ಲೋಹದ ಪ್ರತಿಮೆಯ ತಲೆಯ ಮೇಲಿರುವುದೂ ಇದೇ ಬಗೆಯದು. ಲೇಪಾಕ್ಷಿಯ ಚಾವಣಿಯ ಚಿತ್ರಗಳಲ್ಲಿ ಗಂಡಸರು ಸಾಲಾಗಿ ಕುಲ್ಲಾಯಿ ಇಟ್ಟು ನಿಂತಿದ್ದಾರೆ. ಅಮೆರಿಕದ ವಿದ್ವಾಂಸ ಫಿಲಿಪ್ ವ್ಯಾಗನರ್ 1996ರಲ್ಲಿ ಈ ಟೊಪ್ಪಿಗೆ ಮತ್ತು ಕಬಾಯಿ ಎಂಬ ನಿಲುವಂಗಿಗಳನ್ನೇ ಹಿಡಿದು ವಿಜಯನಗರದ ದರ್ಬಾರಿನ ರೀತಿನೀತಿಯ ಬಗ್ಗೆ ಬರೆದ ಲೇಖನ ಇಂದಿಗೂ ಚರ್ಚೆಯಲ್ಲಿದೆ.

ಅರಸರು ಹೋದರು, ಮಾತು ಉಳಿಯಿತು. ಕುಲ್ಲಾಯಿ ಕುಲಾವಿಯಾಗಿ ತೊಟ್ಟಿಲಿಗೆ ಇಳಿಯಿತು. ಇಂದು ಉತ್ತರ ಕರ್ನಾಟಕದಲ್ಲಿ ಕುಲಾವಿ ಎಂದರೆ ಕೂಸಿನ ಟೊಪ್ಪಿಗೆ. ಅದಕ್ಕೇ ಹಿಂದೆ ಬೆನ್ನು ಮುಚ್ಚುವಷ್ಟು ಬಟ್ಟೆ ಇಳಿಬಿಟ್ಟರೆ ಕುಂಚಿಗೆ. ಕುಪ್ಪಸಕ್ಕೆ ಕತ್ತರಿಸಿ ಉಳಿದ ಖಣದ ತುಂಡು, ಹಳೆಯ ಸೀರೆಯ ಜರಿಯಂಚು, ಒಳಗೆ ಮೆತ್ತನೆಯ ಅರಿವೆಯ ಅಸ್ತರು, ಅಂಚಿಗೆ ಮಣಿ, ನೆತ್ತಿಗೆ ಒಂದು ಗೊಂಡೆ: ಹೊಸ ಬಟ್ಟೆಗೆ ದುಡ್ಡು ಹಾಕದೆಯೂ ಹಬ್ಬದಂಥ ಟೊಪ್ಪಿಗೆ ಸಿದ್ಧವಾಗುತ್ತದೆ. ಕಸೂತಿ ಬಲ್ಲ ಮನೆಗಳಲ್ಲಿ ಅದರ ಮೇಲೆ ತೇರು, ಗೋಪುರ, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ ಮೂಡುತ್ತವೆ. ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳದೆ, ಎಳೆ ಎಣಿಸಿಯೇ ಹಾಕುವ ಗವಂತಿ, ಮುರ್ಗಿ, ನೇಗಿ ಹೊಲಿಗೆ ಅದು. ಸೀರೆಯ ಸೆರಗಿನಲ್ಲಿ ಈ ಚಿತ್ರಗಳು ಸಾಲುಗಟ್ಟಿ ಶಿಸ್ತಾಗಿ ನಿಲ್ಲುತ್ತವೆ. ಕೂಸಿನ ಟೊಪ್ಪಿಗೆಯಲ್ಲಿ ಹಾಗಿಲ್ಲ. ಜಾಗ ಚಿಕ್ಕದು, ಅದೂ ಬಾಗಿದ್ದು. ಆನೆ ಒಂದೇ ನಿಲ್ಲುತ್ತದೆ, ತೇರಿನ ಪಕ್ಕದಲ್ಲೇ ಗಿಳಿ ಬರುತ್ತದೆ. ಹೊಲಿಯುವವಳ ಲಹರಿಗೆ ಅಲ್ಲಿ ಅಡ್ಡಿಯಿಲ್ಲ. ಚಿತ್ರಕ್ಕೆ ಹೆಚ್ಚು ಜಾಗ ಸಿಗುವುದು ಕುಂಚಿಗೆಯ ಬೆನ್ನಿನಲ್ಲಿ. ಕೂಸಿಗೆ ಅದು ಕಾಣುವುದೇ ಇಲ್ಲ. ಅಮ್ಮನ ಹೆಗಲಿಗೆ ಒರಗಿ ಮಲಗಿದಾಗ ಎದುರು ಬರುವವರಿಗೆ ಕಾಣುತ್ತದೆ.

ಹತ್ತಿಯ ಸೀರೆಯಿಂದ ಕಾಗದಕ್ಕೆ ಬಂದರೆ ಬಾಸಿಂಗದ ಲೋಕ. ಬೆಂಡು, ಬೇಗಡೆ, ಬಣ್ಣದ ಕಾಗದಗಳಿಂದ ಮದುಮಕ್ಕಳ ಹಣೆಗೆ ಕಟ್ಟುವ ಇದನ್ನು ಮಾಡುವುದು ಕಿನ್ನಾಳದಂಥ ಕಡೆ ಚಿತ್ರಗಾರರ ಮನೆತನದ ಕಸುಬು. ದೊಡ್ಡಾಟದ ಕಿರೀಟವೂ ಇದರ ಬಂಧುವೇ: ಹಗುರ ಕಟ್ಟಿಗೆ, ಕನ್ನಡಿ ಚೂರು, ಬೇಗಡೆ. ದೀಪದ ಬೆಳಕಿಗೆ ಹೊಳೆಯಲೆಂದೇ ಮಾಡಿದ್ದು. ಆಮೇಲೆ ಅಚ್ಚಿನ ಚಿತ್ರಗಳ ಕಾಲ ಬಂತು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿ ಮುಂಬಯಿಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರ್ ದೇವರುಗಳನ್ನು ಬರೆದು ಹೆಸರಾದ ಎಸ್.ಎಂ. ಪಂಡಿತರ ಕುಂಚದಲ್ಲಿ ಕಿರೀಟಕ್ಕೆ ಚಿನ್ನದ ತೂಕವೂ ನೆರಳೂ ಬಂದವು. ಅದು ದೊಡ್ಡ ಕಲೆ, ನಿಜ. ಆದರೂ ನನ್ನ ಮನಸ್ಸು ಬೇಗಡೆಯ ಕಡೆಗೇ ವಾಲುತ್ತದೆ. ಅದು ತನ್ನನ್ನು ಚಿನ್ನ ಎಂದು ಹೇಳಿಕೊಳ್ಳುವುದಿಲ್ಲ, ಮಿಂಚುವುದಷ್ಟೇ ಅದರ ಕೆಲಸ.

ನಿಜಾಮರ ಆಳ್ವಿಕೆಯಲ್ಲಿ ಟೊಪ್ಪಿಗೆಯಿಂದಲೇ ಮನುಷ್ಯನನ್ನು ಅಳೆಯುತ್ತಿದ್ದರು. ಹೈದರಾಬಾದಿನ ದರ್ಬಾರಿಗೆ ದಸ್ತಾರು, ಓದಿದವರಿಗೆ ಗೊಂಡೆಯ ರೂಮಿ ಟೊಪ್ಪಿಗೆ. ತುರ್ಕಿ ದೇಶವೇ 1925ರಲ್ಲಿ ಕಾನೂನು ಮಾಡಿ ಅದನ್ನು ತಲೆಯಿಂದ ಇಳಿಸಿತು. ಇತ್ತ ಬಿಳಿಯ ಖಾದಿ ಟೊಪ್ಪಿಗೆ ಹೋರಾಟದ ಗುರುತಾಗಿ ಬಂತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೆ ಆ ಪೈಪೋಟಿ ಮುಗಿಯಿತು. ಇವುಗಳಲ್ಲಿ ಚಿತ್ರಕ್ಕೆ, ಆಟಕ್ಕೆ ಎಡೆಯಿರಲಿಲ್ಲವಾದ್ದರಿಂದ ಇಲ್ಲಿ ಹೆಚ್ಚು ನಿಲ್ಲುವುದಿಲ್ಲ.

ನಿಲ್ಲಬೇಕಾದದ್ದು ಮೊಹರಂನಲ್ಲಿ. ಶೋಕದ ದಿನಗಳವು, ಆದರೆ ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ಅಲಾಯಿ ಕುಣಿಯುವಾಗ ನಡುವೆ ಅಳ್ಳೊಳ್ಳಿ ಬವ್ವ ಬರುತ್ತಾನೆ. ಹರಕೆ ಹೊತ್ತವನು ಮೈಗೆ ಮಸಿ ಬಳಿದು, ಗೆಜ್ಜೆ ಕಟ್ಟಿ, ತಲೆಗೆ ಬಣ್ಣದ ಕಾಗದದ ಚೂಪು ಟೊಪ್ಪಿಗೆ ಇಟ್ಟು ಮನೆಮನೆಗೆ ಹೋಗುತ್ತಾನೆ. ಮಕ್ಕಳು ಹೆದರಿ ಓಡುತ್ತಾರೆ, ಮತ್ತೆ ಅವನ ಹಿಂದೆಯೇ ಬರುತ್ತಾರೆ. ಪ್ಯಾರಿಸ್ಸಿನ ಫ್ಯಾಷನ್ ಮನೆಗಳಲ್ಲಿ ನವೆಂಬರ್ 25ರ ಸಂತ ಕ್ಯಾಥರೀನಳ ಹಬ್ಬಕ್ಕೆ, 25 ವರ್ಷವಾದರೂ ಮದುವೆಯಾಗದ ಹುಡುಗಿಯರು ಹಳದಿ ಹಸಿರು ಬಣ್ಣದ ವಿಚಿತ್ರ ಹ್ಯಾಟುಗಳನ್ನು ಇಟ್ಟುಕೊಳ್ಳುವ ರೂಢಿಯಿದೆ. ಅದರ ಫೋಟೋಗಳು ಪತ್ರಿಕೆಗಳಲ್ಲಿ ಬರುತ್ತವೆ. ಕಾಗದ, ಅಂಟು, ಕತ್ತರಿ, ಒಂದು ದಿನದ ಸಡಗರ: ಬವ್ವನ ಟೊಪ್ಪಿಗೆಯೂ ಇವುಗಳಿಂದಲೇ ಆದದ್ದು, ಅದರ ಜೊತೆಗೆ ಒಂದು ಹರಕೆಯೂ ಇದೆ.

ಈಗ ಹುಟ್ಟುಹಬ್ಬದ ಅಂಗಡಿಯ ರಬ್ಬರಿನ ದಾರದ ಟೊಪ್ಪಿಗೆ ಜೇವರ್ಗಿಗೂ ಬಂದಿದೆ. ಅದರ ಆಕಾರವೂ ಕುಲ್ಲಾಯಿಯದೇ, ಬವ್ವನದೇ. ಅದರ ಬಗ್ಗೆ ನನಗೆ ಸಿಟ್ಟಿಲ್ಲ. ಆದರೆ ಕಸೂತಿ ಸೀರೆಯ ವಿನ್ಯಾಸಗಳನ್ನು ಹಾಳೆಗೆ ಇಳಿಸಿಟ್ಟ ಅಕ್ಕರೆ ಕುಲಾವಿಗೂ ಸಿಗಬೇಕು. ಯಾವ ತುಂಡು ನೆತ್ತಿಗೆ, ಯಾವುದು ಕಿವಿಗೆ, ಗೊಂಡೆಗೆ ಎಷ್ಟು ಎಳೆ, ಆನೆ ಯಾವ ಕಡೆ ಮುಖ ಮಾಡಿರಬೇಕು ಎಂಬುದನ್ನೆಲ್ಲ ಬಾಯಲ್ಲೇ ಇಟ್ಟುಕೊಂಡಿರುವ ಅಜ್ಜಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ಪಕ್ಕದಲ್ಲಿ ಒಂದು ಪೆನ್ಸಿಲು ಹಿಡಿದು ಕೂರಲು ಒಂದು ಮಧ್ಯಾಹ್ನ ಸಾಕು.