ರಕ್ತದೊಳಗಿನ ಲಗಾಮು

ದೇಹದ ರೋಗನಿರೋಧ ಶಕ್ತಿಯ ಮಾತು ಬಂದಾಗ ನಮಗೆ ನೆನಪಾಗುವುದು ಕೋಟೆ, ಸೈನ್ಯ, ಕಾಳಗ. ರಕ್ತದಲ್ಲಿ ಸಂಚರಿಸುವ ಟಿ-ಕೋಶಗಳನ್ನು ನಾವು ಯೋಧರೆಂದೇ ಬಣ್ಣಿಸುತ್ತೇವೆ. ಆದರೆ ಕೆರಳಿದ ಯೋಧನನ್ನು ತಡೆದು ನಿಲ್ಲಿಸುವವರು ಯಾರು? ಈ ಪ್ರಶ್ನೆಗೆ ಉತ್ತರದ ಒಂದು ಮುಖ್ಯ ಭಾಗ ದೊರೆತದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ.

1987ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ಸಂಶೋಧಕರು ಟಿ-ಕೋಶಗಳ ಒಂದು ಪ್ರೋಟೀನನ್ನು ಗುರುತಿಸಿ ಸಿಟಿಎಲ್‌ಎ-4 ಎಂದು ಹೆಸರಿಟ್ಟರು. ಟಿ-ಕೋಶವನ್ನು ಹುರಿದುಂಬಿಸುವ ಸಿಡಿ28 ಎಂಬ ಗ್ರಾಹಿಯನ್ನು ಅದು ಹೋಲುತ್ತಿತ್ತು. ಆದುದರಿಂದ ಅದೂ ಹುರಿದುಂಬಿಸುವುದೇ ಇರಬೇಕೆಂದು ಕೆಲವರು ಊಹಿಸಿದರು. ಅಮೆರಿಕದಲ್ಲಿ ಜೆಫ್ರಿ ಬ್ಲೂಸ್ಟೋನ್ ಮತ್ತು ಜೇಮ್ಸ್ ಆಲಿಸನ್ ಅವರ ತಂಡಗಳು 1994-95ರಲ್ಲಿ ಇದಕ್ಕೆ ವಿರುದ್ಧವಾದುದನ್ನು ತೋರಿಸಿದವು. ಸಿಡಿ28 ಕೈಚಾಚುವ ಅಣುಗಳನ್ನೇ ಇದು ಇನ್ನೂ ಬಿಗಿಯಾಗಿ ಹಿಡಿದು, ಉತ್ತೇಜನವನ್ನು ಅಡಗಿಸುತ್ತದೆ. ಅದು ಚಾವಟಿಯಲ್ಲ, ಲಗಾಮು.

ಲಗಾಮಿಲ್ಲದಿದ್ದರೆ ಏನಾದೀತೆಂಬುದೂ 1995ರಲ್ಲಿಯೇ ತಿಳಿಯಿತು. ಈ ಜೀನನ್ನು ತೆಗೆದುಹಾಕಿದ ಇಲಿಮರಿಗಳು ಮೂರು ನಾಲ್ಕು ವಾರಗಳಲ್ಲಿ ಸತ್ತವು. ಹೊರಗಿನ ಶತ್ರು ಬಂದಿರಲಿಲ್ಲ. ಅವುಗಳ ಟಿ-ಕೋಶಗಳೇ ಹೃದಯಕ್ಕೂ ಮೇದೋಜೀರಕ ಗ್ರಂಥಿಗೂ ನುಗ್ಗಿದ್ದವು.

ಇತ್ತ ಜಪಾನಿನ ಕ್ಯೋಟೋದಲ್ಲಿ, ಜೀವಕೋಶಗಳ ಸಾವಿಗೆ ಕಾರಣವಾದ ಜೀನನ್ನು ಅರಸುತ್ತಿದ್ದ ತಾಸುಕು ಹೋಂಜೋ ಅವರ ಪ್ರಯೋಗಾಲಯಕ್ಕೆ 1992ರಲ್ಲಿ ಪಿಡಿ-1 ದೊರೆಯಿತು. ಅದೂ ಒಂದು ಲಗಾಮೆಂದು ಮುಂದೆ ತಿಳಿದುಬಂತು. ಮೊದಲನೆಯದು ಮುಖ್ಯವಾಗಿ ಟಿ-ಕೋಶ ಎಚ್ಚರಗೊಳ್ಳುವ ಹೊತ್ತಿನಲ್ಲಿ ಬಿಗಿಯುತ್ತದೆ. ಎರಡನೆಯದು ಅಂಗಾಂಗಗಳಲ್ಲಿ, ಹೋರಾಟದ ನಡುವೆ. ಅನೇಕ ಕ್ಯಾನ್ಸರ್ ಕೋಶಗಳು ಈ ಎರಡನೆಯದನ್ನು ತಾವೇ ಎಳೆದು, ತಮ್ಮನ್ನು ಕೊಲ್ಲಬಂದ ಟಿ-ಕೋಶವನ್ನು ನಿಲ್ಲಿಸಿಬಿಡುತ್ತವೆ.

ಹಾಗಾದರೆ ಲಗಾಮನ್ನು ಸಡಿಲಿಸಬಾರದೇಕೆ? 1996ರಲ್ಲಿ ಆಲಿಸನ್ ಅವರ ತಂಡ ಸಿಟಿಎಲ್‌ಎ-4ನ್ನು ಪ್ರತಿಕಾಯದಿಂದ ತಡೆದಾಗ ಇಲಿಗಳ ಗೆಡ್ಡೆಗಳು ಕರಗಿದ ವರದಿ ಪ್ರಕಟವಾಯಿತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ ಈ ಬಗೆಯ ಮೊದಲ ಔಷಧ, ಇಪಿಲಿಮುಮಾಬ್, 2011ರಲ್ಲಿ ಅಮೆರಿಕದಲ್ಲಿ ಮಾನ್ಯವಾಯಿತು. ಪಿಡಿ-1ನ್ನು ತಡೆಯುವ ಔಷಧಗಳು 2014ರಲ್ಲಿ ಬಂದವು. 2018ರ ನೊಬೆಲ್ ಪಾರಿತೋಷಕವನ್ನು ಆಲಿಸನ್ ಮತ್ತು ಹೋಂಜೋ ಹಂಚಿಕೊಂಡರು.

ಬದುಕುವ ಆಸೆ ಬಿಟ್ಟಿದ್ದ ಕೆಲವರು ವರ್ಷಗಟ್ಟಲೆ ಬದುಕಿದರು. ಹಲವರಿಗೆ ಫಲ ದೊರೆಯಲಿಲ್ಲ. ಮತ್ತೆ ಕೆಲವರಲ್ಲಿ ಸಡಿಲಗೊಂಡ ಟಿ-ಕೋಶಗಳು ಕರುಳು, ಯಕೃತ್ತು, ಥೈರಾಯ್ಡುಗಳ ಮೇಲೆ ತಿರುಗಿಬಿದ್ದವು. ಇಲಿಮರಿಗಳನ್ನು ಕೊಂದ ಕ್ರೋಧವೇ ಇಲ್ಲಿ ರೋಗಿಯನ್ನು ಕಾಯಬೇಕು. ಆದುದರಿಂದ ವೈದ್ಯನು ಲಗಾಮನ್ನು ಕಿತ್ತೆಸೆಯಲಾರ. ಎಷ್ಟು ಸಡಿಲಿಸಬೇಕು, ಯಾವಾಗ ಮತ್ತೆ ಬಿಗಿಯಬೇಕು ಎಂಬುದನ್ನು ಪ್ರತಿಯೊಬ್ಬ ರೋಗಿಯ ಮುಂದೆಯೂ ಹೊಸದಾಗಿ ಅಳೆಯಬೇಕಾಗಿದೆ.