ವೀಣೆ, ಪಿಟೀಲು ಮತ್ತು ಮರಗೆಲಸದವರ ಕೈ

ಶತಮಾನೋತ್ಸವದ ಸಂದರ್ಭದಲ್ಲಿ ಹಿಂದಿನವರನ್ನು ನೆನೆಯುವುದು ಸಹಜವಾದ ಕರ್ತವ್ಯ. ಗುರುಗಳು, ಉಪದೇಶಿಗಳು, ದಾನಿಗಳು, ಗಾಯಕರು ಇವರ ಹೆಸರುಗಳು ಹೇಗೋ ಉಳಿದುಬರುತ್ತವೆ. ಆದರೆ ಪೀಠವನ್ನು ಕೆತ್ತಿದ, ಬಾಗಿಲನ್ನು ಕೂಡಿಸಿದ, ಗಾನವೃಂದದ ಪಿಟೀಲಿನ ಬಿರುಕನ್ನು ಸರಿಪಡಿಸಿದ ಬಡಗಿಯ ಹೆಸರು ಉಳಿಯುವುದು ಅಪರೂಪ. ಸಂಗೀತದ ಚರಿತ್ರೆಯಲ್ಲಿಯೂ ಹೀಗೆಯೇ ಆಗಿದೆ. ವಿದ್ವಾಂಸರ ಕೀರ್ತಿ ಗ್ರಂಥಗಳಲ್ಲಿ ತುಂಬಿದೆ. ಅವರ ಕೈಗೆ ವಾದ್ಯವನ್ನಿತ್ತವರ ಮಾತು ಅಲ್ಲಿ ವಿರಳ. ನಮ್ಮ ಸೀಮೆಯಲ್ಲಿ ತಂತಿವಾದ್ಯಗಳು ಬೆಳೆದ ಬಗೆಯನ್ನೂ, ಕೈ ಉಪಕರಣಗಳಿಂದಲೇ ಅವುಗಳನ್ನು ರೂಪಿಸಿದವರ ವಿವೇಕವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಬೆಳಗೊಳದವರಿಗೆ ಈ ಚರಿತ್ರೆ ದೂರದ್ದಲ್ಲ. ಸಮೀಪದ ಶ್ರೀರಂಗಪಟ್ಟಣದಲ್ಲಿ, ಗಂಜಾಮಿನ ಹಾದಿಯಲ್ಲಿ, ಟಿಪ್ಪೂ ಸುಲ್ತಾನನು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯಿದೆ. ಅದರ ಭಿತ್ತಿಚಿತ್ರಗಳಲ್ಲಿ ಸ್ತ್ರೀಯೊಬ್ಬಳು ಪಿಟೀಲು ನುಡಿಸುವ ದೃಶ್ಯವನ್ನು ಸಂಗೀತ ಚರಿತ್ರಕಾರರು ಗುರುತಿಸಿದ್ದಾರೆ. ಈ ಚಿತ್ರಗಳು ಹತ್ತೊಂಬತ್ತನೆಯ ಶತಮಾನದಲ್ಲಿ, ಡಾಲ್‌ಹೌಸಿಯ ಕಾಲದಲ್ಲಿ, ಪುನಃ ಬಣ್ಣ ಕಂಡವು. ಆದರೂ ದಕ್ಷಿಣದಲ್ಲಿ ಪಿಟೀಲಿನ ಆಗಮನವನ್ನು ಸೂಚಿಸುವ ಹಳೆಯ ಸಾಕ್ಷ್ಯಗಳಲ್ಲಿ ಇದಕ್ಕೆ ಸ್ಥಾನವುಂಟು. ಯೂರೋಪಿನ ಈ ವಾದ್ಯ ನಮ್ಮ ದೇಶಕ್ಕೆ ಒಂದೇ ಹಾದಿಯಲ್ಲಿ ಬರಲಿಲ್ಲ. ಗೋವೆಯಲ್ಲಿ ದೇವಾಲಯಗಳಿಗೆ ಸೇರಿದ ಶಾಲೆಗಳು ಬಾಲಕರಿಗೆ ಸ್ವರಪಾಠವನ್ನೂ ಪಿಟೀಲನ್ನೂ ಕಲಿಸಿದವು. ಮದರಾಸಿನಲ್ಲಿ ಮುತ್ತುಸ್ವಾಮಿ ದೀಕ್ಷಿತರ ಸಹೋದರರಾದ ಬಾಲುಸ್ವಾಮಿ ದೀಕ್ಷಿತರು ಐರೋಪ್ಯರ ವಾದ್ಯಗೋಷ್ಠಿಯಿಂದ ಅದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು.

ಮೈಸೂರಿನ ಆಸ್ಥಾನದಲ್ಲಿ ವೀಣೆಗೂ ಪಿಟೀಲಿಗೂ ಸಮಾನವಾದ ಗೌರವ ದೊರೆಯಿತು. ವೀಣೆ ಶೇಷಣ್ಣನವರು (1852-1926) ಮೈಸೂರು ವೀಣಾಬಾಣಿಗೆ ಅಖಿಲ ಭಾರತದ ಖ್ಯಾತಿಯನ್ನು ತಂದರು. ಹತ್ತನೆಯ ಚಾಮರಾಜ ಒಡೆಯರು ಸ್ವತಃ ಪಿಟೀಲು ನುಡಿಸುತ್ತಿದ್ದರು. ಅವರ ಪುತ್ರರಾದ ನಾಲ್ವಡಿ ಕೃಷ್ಣರಾಜ ಒಡೆಯರು ದೇಶೀಯ ಹಾಗೂ ಪಾಶ್ಚಾತ್ಯ ವಾದ್ಯಗಳೆರಡನ್ನೂ ಅಭ್ಯಾಸ ಮಾಡಿದವರು. ತಿರುಮಕೂಡಲು ನರಸೀಪುರದ ಕಡೆಯಿಂದ ಬಂದ ಟಿ. ಚೌಡಯ್ಯನವರು (1895-1967) 1927ರಲ್ಲಿ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯದನ್ನಾಗಿ ಮಾಡಿದರು. ಧ್ವನಿವರ್ಧಕವಿಲ್ಲದ ಸಭೆಯಲ್ಲಿ ಕೊನೆಯ ಸಾಲಿನವರಿಗೂ ನಾದ ತಲುಪಬೇಕೆಂಬುದು ಅವರ ಅಭಿಲಾಷೆ. ಮೂರು ತಂತಿಗಳನ್ನು ಹೆಚ್ಚಿಸುವುದು ಕೇವಲ ಮೂರು ಬಿರಡೆಗಳನ್ನು ತೂರಿಸುವ ಮಾತಲ್ಲ. ಕುದುರೆಯ ಮೇಲೂ ತೆಳುವಾದ ಮುಖದ ಹಲಗೆಯ ಮೇಲೂ ಬೀಳುವ ಭಾರ ಹೆಚ್ಚುತ್ತದೆ. ಕತ್ತು ಅದನ್ನು ತಾಳಬೇಕಾಗುತ್ತದೆ. ಕಲಾವಿದನ ಕಲ್ಪನೆಗೆ ಮರಗೆಲಸದ ನೆರವು ಎಷ್ಟು ಅಗತ್ಯವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಇನ್ನು ಕೆಲಸದ ಕ್ರಮವನ್ನು ನೋಡೋಣ. ವೀಣೆಗೆ ಬಲಿತ ಹಲಸಿನ ಮರ ಪ್ರಶಸ್ತ. ಮೈಸೂರಿನಲ್ಲಿ ಬೀಟೆಯನ್ನೂ ಬಳಸುತ್ತಾರೆ. ಕಡಿದ ಮರವನ್ನು ನೆರಳಿನಲ್ಲಿ ಒಣಗಿಸಿ ಅದರ ರಸವೆಲ್ಲ ಆರುವವರೆಗೆ ಕಾಯಬೇಕು. ಬಾಚಿಯಿಂದ ಹೊರಮೈಯನ್ನು ಉರುಟಾಗಿ ತಿದ್ದಿ, ಕೊಡತಿ ಮತ್ತು ಬಾಗಿದ ಉಳಿಗಳಿಂದ ಕೊಡದ ಒಳಗನ್ನು ತೋಡುತ್ತಾರೆ. ಗೋಡೆ ದಪ್ಪವಾದರೆ ನಾದ ಮಂಕಾಗುತ್ತದೆ. ಅತಿ ತೆಳುವಾದರೆ ವಾದ್ಯ ಬಾಳದು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಂದ ಕೇಳಿ ನಿರ್ಣಯಿಸುತ್ತಾರೆ. ಕೊಡ, ದಂಡಿ, ಯಾಳಿಯ ಮುಖ ಮೂರನ್ನೂ ಒಂದೇ ಮರದಲ್ಲಿ ಕಡೆದರೆ ಅದು ಏಕಾಂಡ ವೀಣೆ. ನಂತರ ಮುಖದ ಹಲಗೆ, ಕುದುರೆ, ಏಳು ಬಿರಡೆಗಳು, ಸೋರೆಬುರುಡೆ ಕೂಡುತ್ತವೆ. ಕಟ್ಟಕಡೆಗೆ ಬರುವುದು ಮೇಳ ಕಟ್ಟುವ ಕೆಲಸ. ಜೇನುಮೇಣಕ್ಕೆ ಇದ್ದಲಿನ ಪುಡಿಯನ್ನು ಬೆರೆಸಿ ದಂಡಿಯ ಮೇಲೆ ಎರಡು ಏಣುಗಳನ್ನು ಕಟ್ಟಿ, ಅವುಗಳಲ್ಲಿ 24 ಲೋಹದ ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸುತ್ತಾರೆ. ಒಂದು ಸ್ಥಾಯಿಗೆ ಹನ್ನೆರಡರಂತೆ ಎರಡು ಸ್ಥಾಯಿಗಳ ಸ್ವರಸ್ಥಾನಗಳು ಅಲ್ಲಿ ನೆಲೆಗೊಳ್ಳುತ್ತವೆ. ಇದಕ್ಕೆ ಅಳತೆಪಟ್ಟಿಯೊಂದೇ ಸಾಲದು, ಶ್ರುತಿಜ್ಞಾನವೇ ಬೇಕು.

ಪಿಟೀಲಿನ ಕೆಲಸ ಇನ್ನೂ ಸೂಕ್ಷ್ಮ. ಇಟಲಿಯ ಕ್ರೆಮೋನಾ ನಗರದಲ್ಲಿ ಹದಿನಾರನೆಯ ಶತಮಾನದಲ್ಲಿ ಆಂದ್ರೆಯಾ ಅಮಾತಿಯು ಅದಕ್ಕೆ ಕೊಟ್ಟ ರೂಪ, ಅಂತೋನಿಯೋ ಸ್ತ್ರಾದಿವಾರಿಯ (1644-1737) ಕೈಯಲ್ಲಿ ಪರಿಪೂರ್ಣತೆಯನ್ನು ಪಡೆಯಿತು. ಒಡಲಿನ ಉದ್ದ ಸುಮಾರು 355 ಮಿಲಿಮೀಟರು. ಮುಖಕ್ಕೆ ಸ್ಪ್ರೂಸ್, ಬೆನ್ನಿಗೂ ಪಕ್ಕಗಳಿಗೂ ಮೇಪಲ್ ಮರ. ಸುಮಾರು ಒಂದು ಮಿಲಿಮೀಟರು ದಪ್ಪದ ಪಕ್ಕಪಟ್ಟಿಗಳನ್ನು ತೇವಗೊಳಿಸಿ, ಕಾದ ಕಬ್ಬಿಣದ ಮೇಲೆ ಬಾಗಿಸುತ್ತಾರೆ. ಮುಖವನ್ನೂ ಬೆನ್ನನ್ನೂ ಬಾಗಿಸುವುದಿಲ್ಲ. ದಪ್ಪ ಹಲಗೆಯಿಂದ ಕಡೆದು ಉಬ್ಬನ್ನು ತರುತ್ತಾರೆ. ಅದಕ್ಕಾಗಿ ಬೆರಳುದ್ದದ ಪುಟ್ಟ ಉಜ್ಜುಗೊರಡುಗಳಿವೆ. ಮುಖದ ಹಲಗೆ ಕಡೆಗೆ ಮೂರು ಮಿಲಿಮೀಟರಿನ ಆಸುಪಾಸಿಗೆ ಬರುತ್ತದೆ. ಕೊನೆಯ ಹಂತದಲ್ಲಿ ಉಕ್ಕಿನ ತೆಳು ತಗಡಿನಿಂದ ಹೆರೆಯುತ್ತಾರೆ. ಅದು ಮರದ ನಾರನ್ನು ಕತ್ತರಿಸುತ್ತದೆ, ಉಪ್ಪುಕಾಗದದಂತೆ ಉಜ್ಜಿ ಧೂಳಿನಿಂದ ರಂಧ್ರಗಳನ್ನು ಮುಚ್ಚುವುದಿಲ್ಲ. ಮುಖ ಮತ್ತು ಬೆನ್ನಿನ ನಡುವೆ, ಅಂಟಿಲ್ಲದೆ ಕೇವಲ ಒತ್ತಡದಿಂದ ನಿಂತಿರುವ ಒಂದು ಚಿಕ್ಕ ಮರದ ಕಡ್ಡಿಯಿದೆ. ಅದು ಕೊಂಚ ಸರಿದರೂ ನಾದದ ಗುಣವೇ ಬದಲಾಗುವುದು. ಇಟಲಿಯವರು ಅದನ್ನು ಆತ್ಮವೆಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆಂಬುದು ನಮ್ಮ ವಾಚಕರಿಗೆ ರುಚಿಸಬಹುದು.

ಮೈಗೆ ಮೆರುಗು ಕೊಡುವುದು ಅಲಂಕಾರಕ್ಕೆ ಮಾತ್ರವಲ್ಲ. ಬೆವರಿನಿಂದಲೂ ತೇವದಿಂದಲೂ ಮರವನ್ನು ರಕ್ಷಿಸುವುದಕ್ಕೆ. ಮರದ ಕೊಂಬೆಗಳ ಮೇಲೆ ಪುಟ್ಟ ಕೀಟಗಳು ಸ್ರವಿಸುವ ಅರಗು ನಮ್ಮ ದೇಶದ್ದೇ ಆದ ಸಂಪತ್ತು. ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆ ಸುತ್ತಿದ ಹತ್ತಿಯ ಉಂಡೆಯಿಂದ ಪದರದ ಮೇಲೆ ಪದರವಾಗಿ, ಮಧ್ಯೆ ಮಧ್ಯೆ ಆರಲು ಬಿಟ್ಟು ಸವರುತ್ತಾರೆ. ಒಂದೇ ಸಲಕ್ಕೆ ದಪ್ಪವಾಗಿ ಬಳಿದ ಲೇಪವು ಹಲಗೆಯ ಕಂಪನವನ್ನು ಅದುಮಿಬಿಡುತ್ತದೆ. ಚನ್ನಪಟ್ಟಣದ ಬೊಂಬೆಗಾರರು ಇದೇ ಅರಗನ್ನು ಕಡಚಲು ಯಂತ್ರದ ಮೇಲೆ ತಿರುಗುವ ಹಾಲೆಮರಕ್ಕೆ ಒತ್ತಿ ಬಿಸಿಯಿಂದ ಹರಡಿ, ಕೇದಗೆಯ ಜಾತಿಯ ಎಲೆಯಿಂದ ಉಜ್ಜಿ ಹೊಳಪು ತರುವುದನ್ನು ನಮ್ಮಲ್ಲಿ ಅನೇಕರು ನೋಡಿರಬಹುದು.

ಈ ಕ್ರಮಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಒಂದು ತತ್ತ್ವ ಗೋಚರವಾಗುತ್ತದೆ. ಬಡಗಿಗಳು ಪಿಟೀಲಿನ ಹಲಗೆಗಳನ್ನು ಕೂಡಿಸಲು ಬಳಸುತ್ತಿದ್ದುದು ಪ್ರಾಣಿಯ ಚರ್ಮವನ್ನು ಕಾಯಿಸಿ ತೆಗೆದ ಅಂಟು. ಬಿಸಿ ಮತ್ತು ತೇವ ತಗುಲಿದರೆ ಅದು ಸಡಿಲುವುದು. ತೆಳುವಾದ ಚೂರಿಯಿಂದ ಮುಖದ ಹಲಗೆಯನ್ನು ಬಿಡಿಸಿ, ಒಳಗಿನ ದೋಷವನ್ನು ತಿದ್ದಿ, ಪುನಃ ಅಂಟಿಸಬಹುದು. ಕಾವೇರಿಯ ನಾಲೆಗಳ ಈ ಸೀಮೆಯಲ್ಲಿ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಆಗ ಅಂಟಿನ ಸಂದು ಬಿಡುತ್ತದೆಯೇ ಹೊರತು ಹಲಗೆ ಸೀಳುವುದು ಕಡಿಮೆ. ವೀಣೆಯ ಮೇಣವೂ ಹಾಗೆಯೇ: ಕಾಲಕ್ರಮದಲ್ಲಿ ಅಪಸ್ವರ ಬಂದರೆ ಅದನ್ನು ತೆಗೆದು ಮೇಳವನ್ನು ಹೊಸದಾಗಿ ಕಟ್ಟಬಹುದು. ಅರಗಿನ ಮೆರುಗು ಮಾಸಿದರೆ ಸ್ಪಿರಿಟ್ಟಿನಿಂದಲೇ ಕರಗಿ, ಹೊಸ ಪದರದೊಡನೆ ಒಂದಾಗುವುದು. ತನ್ನ ಕೆಲಸ ಶಾಶ್ವತವೆಂಬ ಭ್ರಮೆ ಅವರಿಗಿರಲಿಲ್ಲ. ಮುಂದೆ ಬರುವ ಮತ್ತೊಬ್ಬ ಕೆಲಸಗಾರನಿಗೆ ಬಾಗಿಲನ್ನು ತೆರೆದಿಟ್ಟೇ ಅವರು ವಾದ್ಯವನ್ನು ಮುಚ್ಚುತ್ತಿದ್ದರು. ಶತಮಾನಗಳ ಹಿಂದಿನ ಪಿಟೀಲುಗಳು ಇಂದಿಗೂ ನುಡಿಯುತ್ತಿರುವುದಕ್ಕೆ ಇದು ಮುಖ್ಯ ಕಾರಣ.

ಆ ಬಾಗಿಲು ಈಗ ಮುಚ್ಚುತ್ತಿರುವುದು ಚಿಂತೆಗೆ ಎಡೆಮಾಡಿದೆ. ಗಟ್ಟಿಯಾದ ಕೃತಕ ಅಂಟಿನಿಂದ ಕೂಡಿಸಿ, ಯಂತ್ರದಿಂದ ದಪ್ಪನೆಯ ವಾರ್ನಿಷನ್ನು ಸಿಂಪಡಿಸಿದ ಅಗ್ಗದ ವಾದ್ಯಗಳನ್ನು ಒಮ್ಮೆ ಕೆಟ್ಟಮೇಲೆ ಹಲಗೆ ಒಡೆಯದೆ ತೆರೆಯುವುದು ದುಸ್ಸಾಧ್ಯ. ಇತ್ತ ಉತ್ತಮ ಮರವೂ ದುರ್ಲಭವಾಗಿದೆ. 2017ರ ಜನವರಿಯಿಂದ ಬೀಟೆಯ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿತು. 2019ರಲ್ಲಿ ಸಿದ್ಧವಾದ ಸಂಗೀತ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಹಿಂದೆ ವೀಣೆಯ ಅಂಚನ್ನು ಸಿಂಗರಿಸುತ್ತಿದ್ದ ದಂತದ ವ್ಯಾಪಾರವನ್ನು 1989ರ ಅಂತರರಾಷ್ಟ್ರೀಯ ನಿರ್ಧಾರವು ತಡೆಯಿತು. ಕಾಡಿನ ಮರಕ್ಕೂ ಆನೆಗೂ ಬದುಕುವ ಹಕ್ಕಿದೆಯಾದುದರಿಂದ ಈ ನಿಯಮಗಳನ್ನು ದೂರುವಂತಿಲ್ಲ. ಆದರೆ ಮರ ವಿರಳವಾದಷ್ಟೂ ಇರುವ ವಾದ್ಯವನ್ನು ಉಳಿಸಬಲ್ಲ ಕೈಯ ಬೆಲೆ ಹೆಚ್ಚುತ್ತದೆಯೆಂಬುದನ್ನು ಮರೆಯಬಾರದು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರವೆಂಬ ಸಣ್ಣ ಗ್ರಾಮದಲ್ಲಿ ಹಲವು ಮನೆತನಗಳು ಹಲಸಿನ ಮರದಿಂದ ವೀಣೆಗಳನ್ನು ಕೆತ್ತಿ ಜೀವನ ಸಾಗಿಸುತ್ತ ಬಂದಿವೆ. ಬಾಚಿ ಹಿಡಿಯುವ ಕೈ ಮಾತು ಮಾತ್ರ ಕೇಳಿ ಕಲಿಯಲಾರದು. ಹಿರಿಯರ ಪಕ್ಕದಲ್ಲಿ ಕುಳಿತು ವರ್ಷಗಟ್ಟಲೆ ಕಲಿಯಬೇಕು. ಒಂದು ತಲೆಮಾರು ತಪ್ಪಿದರೆ ಪುಸ್ತಕದಿಂದ ಅದನ್ನು ಮರಳಿ ಪಡೆಯುವುದು ಕಷ್ಟ.

ಈ ವಿಷಯ ನಮ್ಮ ದೇವಾಲಯಗಳಿಗೂ ಸಂಬಂಧಪಟ್ಟದ್ದು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಹೊರಡಿಸಿದ ಆರಾಧನಾವಿಧಿಯ ಶಾಸನವು ಆರ್ಗನ್ನಿಗೆ ಮನ್ನಣೆಯಿತ್ತುದರ ಜೊತೆಗೆ, ಪವಿತ್ರ ಕಾರ್ಯಕ್ಕೆ ಒಪ್ಪುವ ಇತರ ವಾದ್ಯಗಳಿಗೂ ಅವಕಾಶವನ್ನು ಕಲ್ಪಿಸಿತು. ಕನ್ನಡದ ಪೂಜೆಗೆ ಕನ್ನಡ ನಾಡಿನ ವಾದ್ಯಗಳು ಜೊತೆಗೂಡಲು ಹಾದಿ ಸುಗಮವಾಯಿತು. ಆದಕಾರಣ ಗಾನವೃಂದದ ಬೀರುವಿನಲ್ಲಿ ತಂತಿ ಹರಿದು ಬಿದ್ದಿರುವ ಪಿಟೀಲನ್ನು ಹಳೆಯ ಸಾಮಾನೆಂದು ಎಸೆಯುವ ಮುನ್ನ ಅದರ ಸಂದುಗಳನ್ನು ಬಲ್ಲವರಿಗೆ ತೋರಿಸುವುದು ಮೇಲು. ಹೊಸದನ್ನು ಕೊಳ್ಳುವಾಗ ಅದನ್ನು ತೆರೆದು ದುರಸ್ತಿ ಮಾಡಲು ಸಾಧ್ಯವೇ ಎಂದು ಕೇಳುವುದು ವಿವೇಕ. ಮರಗೆಲಸದಲ್ಲಿ ಆಸಕ್ತಿಯುಳ್ಳ ತರುಣನೊಬ್ಬನನ್ನು ಇಂಥ ಕುಶಲಿಗಳ ಬಳಿ ಕಲಿಯಲು ಕಳುಹಿಸಿದರೆ ಅದರ ಫಲ ಮುಂದಿನ ತಲೆಮಾರಿಗೂ ದಕ್ಕುವುದು. ನಜರೇತಿನ ಬಡಗಿಯ ಮನೆಯನ್ನು ಗೌರವಿಸುವ ಜನರಿಗೆ ಉಳಿ ಹಿಡಿದ ಕೈಯ ಮಹತ್ವವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗಾನವೃಂದದವರ ಹೆಸರುಗಳನ್ನು ಬರೆದಿಡುವಾಗ, ಅವರ ವಾದ್ಯಗಳನ್ನು ಸರಿಪಡಿಸಿದವರ ಹೆಸರನ್ನೂ ಅದೇ ಪುಟದಲ್ಲಿ ಬರೆದಿಟ್ಟರೆ ಚರಿತ್ರೆಯ ಒಂದು ಸಾಲವಾದರೂ ತೀರುವುದು.