ಆಪತ್ಕಾಲದ ಗಂಟು



ಸಂಸ್ಕೃತದಲ್ಲಿ 'ನೀವೀ' ಎಂಬ ಒಂದು ಶಬ್ದವುಂಟು. ಸೊಂಟದಲ್ಲಿ ಕಟ್ಟಿದ ವಸ್ತ್ರದ ಗಂಟು ಎಂಬುದು ಅದರ ಒಂದು ಅರ್ಥ, ಮೂಲಧನ ಎಂಬುದು ಇನ್ನೊಂದು ಅರ್ಥ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯ, ವ್ಯಯ, ನೀವೀ ಎಂದು ಲೆಕ್ಕದ ಮೂರು ಅಂಗಗಳು ಬರುತ್ತವೆ. ಬಂದದ್ದು ಆಯ, ವೆಚ್ಚವಾದದ್ದು ವ್ಯಯ, ಉಳಿದದ್ದು ನೀವೀ. ನಮ್ಮ ಕನ್ನಡದ 'ಗಂಟು' ಶಬ್ದವೂ ಹೀಗೆಯೇ. ತಾಯಂದಿರು ಸೆರಗಿನ ತುದಿಗೆ ಹಾಕುವುದೂ ಗಂಟು, ಕೂಡಿಟ್ಟ ಹಣವೂ ಗಂಟು.

ಅದೇ ಗ್ರಂಥದಲ್ಲಿ ರಾಜನ ಕಣಜದ ವಿಚಾರವೂ ಇದೆ. ಸಂಗ್ರಹಿಸಿದ್ದರಲ್ಲಿ ಅರ್ಧವನ್ನು ನಾಡಿನ ಜನರ ಆಪತ್ತಿಗೆಂದು ಇರಿಸಬೇಕು, ಉಳಿದರ್ಧವನ್ನು ಬಳಸಬೇಕು, ಹಳೆಯದನ್ನು ತೆಗೆದು ಹೊಸದನ್ನು ತುಂಬುತ್ತಿರಬೇಕು ಎಂಬುದು ಅಲ್ಲಿಯ ವಿಧಿ. ವೆಚ್ಚವೆಲ್ಲ ತೀರಿದ ಮೇಲೆ ಮಿಕ್ಕಿದರೆ ಇಡು ಎಂದು ಕೌಟಿಲ್ಯನು ಹೇಳಲಿಲ್ಲವೆಂಬುದನ್ನು ನಾವೆಲ್ಲರೂ ಗಮನಿಸಬೇಕು. ಆಪತ್ತಿನ ಪಾಲನ್ನು ಮೊದಲು ತೆಗೆದಿಡಬೇಕು, ಆಮೇಲೆ ಊಟ.

ನಮ್ಮ ಉತ್ತರ ಕರ್ನಾಟಕದ ಒಕ್ಕಲಿಗರು ಈ ಗ್ರಂಥವನ್ನು ಓದಿದವರಲ್ಲ. ಆದರೂ ಈ ವಿಧಿಯನ್ನು ಬಲ್ಲವರಾಗಿದ್ದರು. ಅದಕ್ಕೆ ಹಗೇವುಗಳೇ ಸಾಕ್ಷಿ. ಬಾಯಿ ಕಿರಿದು, ಒಡಲು ಹಿರಿದು. ಒಳಗೆ ಸುತ್ತಲೂ ಜೋಳದ ಕಣಿಕೆ, ನಡುವೆ ಜೋಳ, ಮೇಲೆ ಕಲ್ಲು ಮುಚ್ಚಿ ಮಣ್ಣಿನ ಮೆತ್ತಿಗೆ. ಗಾಳಿ ಸುಳಿಯದ ಕಾರಣ ಹುಳ ಬದುಕುತ್ತಿರಲಿಲ್ಲ. ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ಬಾಯಿ ತೆರೆದ ಕೂಡಲೇ ಇಳಿದವನು ಉಸಿರುಗಟ್ಟಿ ಸಾಯುತ್ತಾನೆಂದು ಹಿರಿಯರಿಗೆ ಗೊತ್ತಿತ್ತು. ಆದ್ದರಿಂದ ಮೊದಲು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಮನುಷ್ಯ ಇಳಿಯಬಾರದು. ಮನಸ್ಸಿಗೆ ಬಂದಾಗಲೆಲ್ಲ ಕೈ ಹಾಕಲು ಬಾರದಂತಿದ್ದುದೇ ಹಗೇವಿನ ಹಿರಿಮೆ. ಇಂದು ಕಿಸೆಯಲ್ಲಿರುವ ಹಣಕ್ಕೆ ಆ ರಕ್ಷಣೆ ಇಲ್ಲ.

1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲಂಡಿನ ಗಿರಣಿಗಳಿಗೆ ಬಾರದಾದಾಗ ಧಾರವಾಡ ಸೀಮೆಯ ಹತ್ತಿಗೆ ಭಾರೀ ಬೆಲೆ ಬಂದಿತು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಅದಾಗಿ ಹನ್ನೊಂದು ವರ್ಷಕ್ಕೆ, 1876ರಲ್ಲಿ, ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಬರವೆಂದು ಜನ ನೆನೆಯುವುದು ಇದನ್ನೇ. ಧಾರವಾಡ, ಕಲಾದಗಿ ಸೀಮೆಯೊಳಗೆ ಧಾನ್ಯ ತರಲು ಆಗಿನ್ನೂ ರೈಲು ಇರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಂತೆ 50 ಲಕ್ಷ 55 ಸಾವಿರ ಜನರಿದ್ದರು. 1881ರಲ್ಲಿ 41 ಲಕ್ಷ 86 ಸಾವಿರ. ಒಳ್ಳೆಯ ಬೆಲೆಯ ವರ್ಷ ಶಾಶ್ವತವಲ್ಲ, ಹತ್ತಿಯನ್ನು ತಿನ್ನಲಾಗುವುದಿಲ್ಲ ಎಂಬುದು ಒಂದು ಪಾಠ. ಎರಡನೆಯ ಪಾಠ ಇನ್ನೂ ಕಠಿಣವಾದುದು. ಒಂದು ಮನೆಯ ಹಗೇವು ಒಂದು ವರ್ಷದ ಕೊರತೆಯನ್ನು ತುಂಬೀತು. ವರ್ಷದ ಮೇಲೆ ವರ್ಷ ಬರ ಬಿದ್ದರೆ ಅದೂ ಬರಿದಾಗುವುದು. ಹಗೇವೇ ಇಲ್ಲದ ಕೂಲಿಕಾರನ ಪಾಡನ್ನು ಹೇಳುವುದೇ ಬೇಡ.

ಈ ಎರಡನೆಯ ಪಾಠಕ್ಕೆ ಉತ್ತರವೆಂಬಂತೆ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಒಂದು ಕಾರ್ಯವಾಯಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದಿತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಸಹಕಾರ ಸಂಘವನ್ನು ಕಟ್ಟಿದರು. ಭಾರತದ ಮೊದಮೊದಲ ಸಂಘಗಳಲ್ಲಿ ಅದೊಂದು. ಗ್ರಾಮದ ಸಂಘವು ತನ್ನ ಲಾಭವನ್ನು ಮೀಸಲು ನಿಧಿಗೆ ಸೇರಿಸಬೇಕೆಂದು ಆ ಕಾಯ್ದೆಯ ಕಟ್ಟಳೆ. ಅಂದರೆ ಆಪತ್ತಿನ ಪಾಲು ಮೊದಲು ಎಂಬ ಹಳೆಯ ವಿಧಿಯೇ ಊರಿನ ಲೆಕ್ಕಕ್ಕೂ ಬಂದಿತು. ಮನೆಯ ಹಗೇವು ಊರ ಹಗೇವಾಯಿತು. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳಲ್ಲಿ ತಾಯಂದಿರು ವಾರವಾರವೂ ಕೂಡಿಡುವ ಹಣವೂ ಇದೇ ಜಾತಿಯದು.

ನಾವು ಭಕ್ತರ ಮನೆಗಳಿಗೆ ಹೋದಾಗ ಕಾಣುವುದೇನು? ಮದುವೆಗೆ ಸಾಲ ಮಾಡಿದ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಹೊಲ ಒತ್ತೆ ಬೀಳುತ್ತದೆ. 2020ರಲ್ಲಿ ಕೊರೊನಾ ರೋಗ ಬಂದು ದುಡಿಮೆ ನಿಂತಾಗ ಎಷ್ಟೋ ಮನೆಗಳನ್ನು ಕಾಪಾಡಿದ್ದು ಸಾಸಿವೆ ಡಬ್ಬಿಯಲ್ಲಿ ತಾಯಿ ಇಟ್ಟಿದ್ದ ಹಣ. ಅದನ್ನು ಕಂಡು ನಕ್ಕಿದ್ದ ಗಂಡಸರೇ ಆಗ ಅದಕ್ಕೆ ಕೈಯೊಡ್ಡಿದರು.

ಆದುದರಿಂದ ಭಕ್ತರಲ್ಲಿ ನಾವು ಹೇಳುವುದಿಷ್ಟೆ. ಮನೆಯಲ್ಲಿ ಒಂದು ಲೆಕ್ಕದ ಪುಸ್ತಕವಿರಲಿ. ಅದನ್ನು ಗಂಡಹೆಂಡಿರಿಬ್ಬರೂ ಕೂತು ಬರೆಯಲಿ. ಸಂಬಳವಾಗಲಿ, ಫಸಲಿನ ಹಣವಾಗಲಿ, ಬಂದ ದಿನವೇ ಆಪತ್ತಿನ ಪಾಲನ್ನು ಬೇರೆ ತೆಗೆಯಿರಿ. ಅದು ಹತ್ತು ರೂಪಾಯಿಯಾದರೂ ಚಿಂತೆಯಿಲ್ಲ. ಹಬ್ಬಕ್ಕೆ, ಜಾತ್ರೆಗೆ, ಕಡೆಗೆ ಮಠದ ಕಾರ್ಯಕ್ಕೂ ಆ ಪಾಲನ್ನು ಮುಟ್ಟಬೇಡಿರಿ. ನೆರೆಮನೆಯವನು ಬಿದ್ದಾಗ ಎತ್ತುವ ಸಂಘದಲ್ಲಿಯೂ ನಿಮ್ಮದೊಂದು ಪಾಲಿರಲಿ. ನಿಮ್ಮ ಗಂಟು ಬಿಚ್ಚುವ ಕಾಲ ಬಾರದಿರಲಿ. ಬಂದರೆ ಅದರಲ್ಲಿ ಏನಾದರೂ ಇರಲಿ ಎಂದು ಹಾರೈಸುತ್ತೇವೆ.